ನಾಲ್ಕನೆಯ ಋಣ

ಹುಟ್ಟುತ್ತಲೇ ಮೂರು ಋಣಗಳು ಮನುಷ್ಯನ ಬೆನ್ನಿಗಿರುತ್ತವೆಂಬುದು ತೈತ್ತಿರೀಯ ಸಂಹಿತೆಯಲ್ಲಿ ಬಂದಿರುವ ಪ್ರಸಿದ್ಧವಾದ ಮಾತು. ಬ್ರಹ್ಮಚರ್ಯದಿಂದ ಋಷಿಋಣ, ಯಜ್ಞದಿಂದ ದೇವಋಣ, ಸಂತಾನದಿಂದ ಪಿತೃಋಣ ತೀರುತ್ತವೆ. ಉಪನಯನದ ಸಮಯದಲ್ಲಿಯೋ ಪ್ರವಚನಗಳಲ್ಲಿಯೋ ಇದನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ಶತಪಥ ಬ್ರಾಹ್ಮಣವು ಈ ಪಟ್ಟಿಗೆ ನಾಲ್ಕನೆಯದೊಂದನ್ನು ಸೇರಿಸುತ್ತದೆ ಎಂಬುದರತ್ತ ಅಷ್ಟಾಗಿ ಗಮನ ಹೋಗುವುದಿಲ್ಲ. ಅದು ಮನುಷ್ಯಋಣ. ತನ್ನಂತೆಯೇ ಇರುವ ಇತರ ಮನುಷ್ಯರಿಗೆ ಸಲ್ಲಬೇಕಾದದ್ದು. ಅದು ತೀರುವ ಬಗೆಯನ್ನೂ ಆ ಬ್ರಾಹ್ಮಣವೇ ಹೇಳಿದೆ: ಬಂದವರಿಗೆ ಇರಲು ಸ್ಥಳ ಕೊಡಬೇಕು, ಉಣ್ಣಲು ಅನ್ನ ಕೊಡಬೇಕು. ಮಹಾಭಾರತದ ಆದಿಪರ್ವದಲ್ಲಿ, ಸಂತಾನವಿಲ್ಲದ ಕೊರಗಿನಲ್ಲಿದ್ದ ಪಾಂಡು ಮಹಾರಾಜನೂ ಋಣಗಳು ನಾಲ್ಕೆಂದೇ ಎಣಿಸುತ್ತಾನೆ. ಮನುಷ್ಯರ ಋಣವು 'ಆನೃಶಂಸ್ಯ'ದಿಂದ ತೀರುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ನೃಶಂಸನೆಂದರೆ ಕ್ರೂರಿ. ಕ್ರೂರನಾಗದಿರುವುದು, ಇನ್ನೊಬ್ಬರ ನೋವು ತನ್ನ ಮನಸ್ಸನ್ನು ಮುಟ್ಟುವಂತೆ ಇರುವುದು, ಆನೃಶಂಸ್ಯ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ತಂದೆತಾಯಿಗಳು ಮಕ್ಕಳನ್ನು ಸಾಕುವುದು ಅವರ ಧರ್ಮ. ಅದಕ್ಕೆ ಪ್ರತಿಯಾಗಿ ಮಕ್ಕಳು ಮಾಡಬೇಕಾದದ್ದನ್ನು ಶಾಸ್ತ್ರ ವಿಸ್ತಾರವಾಗಿ ವಿಧಿಸಿದೆ. ಗುರುವಿಗೆ ದಕ್ಷಿಣೆಯಿದೆ, ಶುಶ್ರೂಷೆಯಿದೆ. ಆದರೆ ಯಾವ ವಿಧಿಯ ಒತ್ತಾಯವೂ ಇಲ್ಲದೆ ಕೊಟ್ಟವರ ಮಾತೇನು? ಕೊಡಬೇಕಾದ ಕರ್ತವ್ಯ ಅವರಿಗಿರಲಿಲ್ಲ. ತೀರಿಸುವ ವಿಧಿ ನಮಗಿಲ್ಲ. ಹಾಗಾದರೆ ಅದು ಋಣವೇ, ಅಥವಾ ಬರಿಯ ಸವಿನೆನಪೇ? ಋಣವಾದರೆ ತೀರುವುದು ಹೇಗೆ? ಮುಂಬಯಿ, ಪುಣೆಗಳಂಥ ಊರುಗಳಲ್ಲಿ ಬೆಳೆದು, ಬೇಸಿಗೆಯ ಬಿಡುವನ್ನು ದೂರದ ಹಳ್ಳಿಯಲ್ಲಿ ಅತ್ತೆಯ ಮನೆಯಲ್ಲೋ ಅಜ್ಜಿಯ ಮನೆಯಲ್ಲೋ ಕಳೆದ ನನ್ನ ವಯಸ್ಸಿನ ವಾಚಕರೆಲ್ಲರಿಗೂ ಇದು ತಮ್ಮದೇ ಪ್ರಶ್ನೆಯೆನಿಸೀತು. ನಾನು ಬಲ್ಲ ಉದಾಹರಣೆ ನನ್ನ ಸೋದರತ್ತೆಯದು. ಅದನ್ನೇ ಮುಂದಿಟ್ಟುಕೊಂಡು ವಿಚಾರ ಮಾಡುತ್ತೇನೆ.

ಅವರು ನಮ್ಮ ತಂದೆಗಿಂತ ಹದಿಮೂರು ವರ್ಷ ಹಿರಿಯರು. ಮದುವೆಯಾಗಿ ಬೇರೆ ಗೋತ್ರಕ್ಕೆ ಹೋದವರು. ಆದ್ದರಿಂದ ಲೆಕ್ಕಕ್ಕೆ ನಮ್ಮ ಮನೆಯವರಲ್ಲ. ಅವರು ತೀರಿದಾಗ ನಮಗೆ ಹತ್ತು ದಿನದ ಆಶೌಚವೂ ಇರಲಿಲ್ಲ. ಬಾಗಲಕೋಟೆಯಿಂದ ಎರಡು ಹರದಾರಿ ದೂರದಲ್ಲಿ, ಘಟಪ್ರಭೆಯ ದಂಡೆಯ ಒಂದು ಸಣ್ಣ ಹಳ್ಳಿಯಲ್ಲಿ ಅವರ ಮನೆ, ಹೊಲ. ಹದಿನೆಂಟನೆಯ ವಯಸ್ಸಿಗೆ ಪತಿಯನ್ನು ಕಳೆದುಕೊಂಡರು. ಮಕ್ಕಳಿರಲಿಲ್ಲ. ಅಂದಿನ ರೂಢಿಯಂತೆ ಕೇಶಮುಂಡನವಾಯಿತು, ಕೆಂಪು ಸೀರೆ ಬಂತು. ಅಲ್ಲಿಂದ ಮುಂದೆ ಐವತ್ತು ವರ್ಷ, 1981ರಲ್ಲಿ ಕಣ್ಣು ಮುಚ್ಚುವವರೆಗೆ, ಆ ಮನೆಯಲ್ಲಿ ಒಬ್ಬರೇ ಇದ್ದು ಇಪ್ಪತ್ತೆರಡು ಎಕರೆ ಎರಿಭೂಮಿಯನ್ನು ನೋಡಿಕೊಂಡರು. ನಾವು ಮಕ್ಕಳು ಅವರನ್ನು 'ಅತ್ಯಾ' ಎನ್ನುತ್ತಿದ್ದೆವು. ಊರಿನವರಿಗೂ ಅವರು ಅತ್ಯಾನೇ ಆಗಿದ್ದರು.

ಬೊಂಬಾಯಿಯ ವಿ.ಟಿ.ಯಿಂದ ರಾತ್ರಿ ಗಾಡಿ ಹತ್ತಿದರೆ ಬೆಳಗಿಗೆ ಸೊಲ್ಲಾಪುರ. ಅಲ್ಲಿಂದ ಗದಗಿನ ಕಡೆಗೆ ಹೋಗುವ ಮೀಟರ್‌ಗೇಜ್ ಗಾಡಿ: ಹೊಟಗಿ, ಇಂಡಿ ರೋಡ್, ವಿಜಾಪುರ, ಆಲಮಟ್ಟಿ. ಆಲಮಟ್ಟಿ ದಾಟಿದ ಮೇಲೆ ಗಾಡಿ ಕೃಷ್ಣೆಯ ಸೇತುವೆಯ ಮೇಲೆ ಮೆಲ್ಲಗೆ ಸಾಗುವಾಗ ತಾಯಿ ನಮ್ಮ ಕೈಗೆ ಒಂದೊಂದು ಬಿಲ್ಲಿ ಕೊಟ್ಟು ಹೊಳೆಗೆ ಹಾಕಿಸಿ ನಮಸ್ಕಾರ ಮಾಡಿಸುತ್ತಿದ್ದರು. (ಮುಂದೆ ಮೂವತ್ತೈದು ವರ್ಷ ರೈಲ್ವೆಯಲ್ಲಿ ಕೆಲಸ ಮಾಡಿದರೂ, ಸೇತುವೆಯ ಮೇಲೆ ಬಂಡಿಯ ಸದ್ದು ಬದಲಾಗುವ ಆ ಕ್ಷಣದಲ್ಲಿ ಕೈ ಜೋಡಿಸುವ ಅಭ್ಯಾಸ ನನಗೆ ತಪ್ಪಲಿಲ್ಲ.) ಬಾಗಲಕೋಟೆಯ ನಿಲ್ದಾಣದಲ್ಲಿ ಅತ್ಯಾ ಕಳಿಸಿದ ಎತ್ತಿನ ಗಾಡಿ ಕಾಯುತ್ತಿರುತ್ತಿತ್ತು, ಗಾಡಿಯಲ್ಲಿ ಹುಲ್ಲಿನ ಮೇಲೆ ಜಮಖಾನೆ, ಅದರ ಮೇಲೆ ನೀರಿನ ತಂಬಿಗೆ, ಒಂದು ಡಬ್ಬಿಯಲ್ಲಿ ಶೇಂಗಾ ಉಂಡೆ. ಎರಡು ಹರದಾರಿ ದಾರಿಗೆ ಹುಡುಗರು ಹಸಿದಾರೆಂಬ ಯೋಚನೆ ಅವರದು.

ಚೈತ್ರ ವೈಶಾಖಗಳಲ್ಲಿ ಆ ಸೀಮೆಯಲ್ಲಿ ಹೊಲ ಬರಿದಾಗಿರುತ್ತದೆ. ಜೋಳದ ಸುಗ್ಗಿ ಮುಗಿದು, ಎರಿಭೂಮಿ ಬಿರಿದು, ಮಕ್ಕಳ ಕಾಲು ಸಿಕ್ಕಿಕೊಳ್ಳುವಷ್ಟು ಅಗಲ ಬಿರುಕುಗಳಾಗಿರುತ್ತವೆ. ನೋಡುವಂಥದ್ದೇನೂ ಇಲ್ಲ ಎಂದು ಹೊರಗಿನವರಿಗೆ ಅನಿಸೀತು. ನಮಗಾದರೋ ಅದು ಬೇರೊಂದು ಲೋಕ. ಬಾವಿಯ ಕಪಿಲೆಯ ಎತ್ತುಗಳ ಹಗ್ಗದ ಮೇಲೆ ಕುಳಿತು ಇಳಿಜಾರಿನಲ್ಲಿ ಇಳಿಯುವುದು, ಬೇವಿನ ಮರದ ಕೆಳಗೆ ಮಧ್ಯಾಹ್ನದ ನಿದ್ದೆ, ಸಂಜೆ ಹೊಳೆಯ ಮರಳಿನಲ್ಲಿ ಒರತೆ ತೋಡುವುದು. ಎಲ್ಲಕ್ಕಿಂತ ಬೆರಗಿನದು ಹಗೇವು ತೆಗೆಯುವ ದಿನ. ನೆಲದೊಳಗೆ ಜೋಳ ತುಂಬಿಟ್ಟ ಆ ಕಣಜದ ಬಾಯಿಯ ಮಣ್ಣು ಸರಿಸಿ, ಕಲ್ಲು ಎತ್ತಿ, ಒಂದು ಹೊತ್ತು ಹಾಗೆಯೇ ಬಿಡುತ್ತಿದ್ದರು. ಅನಂತರ ಅತ್ಯಾ ತಾವೇ ನಿಂತು ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಇಳಿಬಿಡಿಸುತ್ತಿದ್ದರು. ದೀಪ ನಂದಿದರೆ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ಆಳುಗಳು ಅವಸರಪಟ್ಟರೂ ಅವರು ಕೇಳುತ್ತಿರಲಿಲ್ಲ. "ಜ್ವಾಳಾ ಎಲ್ಲಿ ಓಡಿ ಹೋಗ್ತಾವಪಾ? ಅಲ್ಲೇ ಇರ್ತಾವ. ನೀ ಹ್ವಾದ್ರ ನಿನ್ನ ಹೇಣ್ತಿಗೆ ಏನ್ ಹೇಳ್ಲಿ ನಾ?" ಎನ್ನುತ್ತಿದ್ದರು. ಆನೃಶಂಸ್ಯವೆಂಬ ಪದವನ್ನು ನಾನು ಓದಿದ್ದು ಬಹಳ ವರ್ಷಗಳ ತರುವಾಯ. ಅದರ ಅರ್ಥವನ್ನು ಯೋಚಿಸುವಾಗಲೆಲ್ಲ ಆ ಇಳಿಯುವ ಕಂದೀಲು ಕಣ್ಣ ಮುಂದೆ ಬರುತ್ತದೆ.

ಒಂದೆರಡು ಸಲ ಡಿಸೆಂಬರಿನ ರಜೆಯಲ್ಲಿ ಎಳ್ಳು ಅಮಾವಾಸ್ಯೆಗೂ ಹೋಗಿದ್ದುಂಟು. ಆಗ ಹೊಲ ಹಸಿರು. ಸಜ್ಜೆಯ ರೊಟ್ಟಿ, ಪುಂಡಿಯ ಪಲ್ಯ, ಶೇಂಗಾ ಹೋಳಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿಯ ಗಿಡದ ಕೆಳಗೆ ಪೂಜೆ ಮಾಡಿ, ನಾಲ್ಕು ದಿಕ್ಕಿಗೂ ಚರಗ ಚೆಲ್ಲುತ್ತಿದ್ದರು. ಮಡಿಯ ಅತ್ಯಾ ತಮ್ಮ ಪಾಲಿನ ಅವಲಕ್ಕಿ ಮೊಸರನ್ನು ದೂರ ಕುಳಿತು ತಿನ್ನುತ್ತಿದ್ದರು. ಆದರೆ ಚರಗದ ಬುಟ್ಟಿ ಮೊದಲು ಯಾವ ಬದುವಿಗೆ ಹೋಗಬೇಕೆಂಬುದು ಅವರದೇ ಅಪ್ಪಣೆ.

ಬೆಳಗಿನ ಜಾವ ಅವರು ಹರಿಕಥಾಮೃತಸಾರದ ಒಂದು ಸಂಧಿಯನ್ನು ಹೇಳಿಕೊಳ್ಳುತ್ತ ಮಜ್ಜಿಗೆ ಕಡೆಯುತ್ತಿದ್ದರು, ಪುಸ್ತಕ ಬೇಕಿರಲಿಲ್ಲ. ವಾದಿರಾಜರ ಲಕ್ಷ್ಮೀಶೋಭಾನೆ ಪೂರ್ತಿ ಬಾಯಿಗೆ ಬರುತ್ತಿತ್ತು. ನನ್ನ ಅಕ್ಕಂದಿರಿಗೂ ಊರಿನ ಎಷ್ಟೋ ಹುಡುಗಿಯರಿಗೂ ಅದನ್ನು ಕಲಿಸಿದವರು ಅವರೇ. ಆದರೆ ಆ ಹುಡುಗಿಯರ ಮದುವೆಗಳಲ್ಲಿ ಅದನ್ನು ಹಾಡಿದವರು ಬೇರೆಯವರು. ಕಲಿಸಿದಾಕೆ ಶುಭಕಾರ್ಯಗಳಲ್ಲಿ ಎದುರಿಗೆ ಬರುವಂತಿರಲಿಲ್ಲ. ನನ್ನ ಉಪನಯನಕ್ಕೆ ಹೊಸ ಜೋಳ, ತೊಗರಿ, ಬೆಲ್ಲ ಎಲ್ಲ ಅವರ ಹೊಲದಿಂದಲೂ ಊರಿನಿಂದಲೂ ಬಂತು; ಅವರು ಹಿತ್ತಲ ಕೋಣೆಯಲ್ಲಿ ಕುಳಿತು ಅಡಿಗೆಯವರಿಗೆ ಅಳತೆ ಹೇಳಿದರು. ಮಾತೃಭೋಜನದ ಹೊತ್ತಿಗೆ ಆ ಕೋಣೆಯ ಬಾಗಿಲು ಮುಚ್ಚಿತ್ತು.

ಈ ಆಚಾರದ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ವಿಧವೆಯು ತಪಸ್ವಿನಿಯಂತೆ ಸಂಯಮದಿಂದ ಇರಬೇಕೆಂದು ಮನುಸ್ಮೃತಿಯಲ್ಲಿದೆ. ಕೇಶಮುಂಡನದ ವಿಧಿ ಅದರಲ್ಲಿಲ್ಲ. ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆಯವರು ತಮ್ಮ ಧರ್ಮಶಾಸ್ತ್ರದ ಇತಿಹಾಸದಲ್ಲಿ ಇದರ ಆಧಾರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಈ ಪದ್ಧತಿ ಬಹಳ ತಡವಾಗಿ ಬಂದುದೆಂದು ತೋರಿಸಿದ್ದಾರೆ. ಹಳೆಯದೆಲ್ಲವೂ ಶಾಸ್ತ್ರವಲ್ಲ, ಎಷ್ಟೋ ಸಲ ಅದು ಬರಿಯ ಹಳೆಯದು. ಅತ್ಯಾ ಈ ವಿಷಯದಲ್ಲಿ ದೂರಿದ್ದನ್ನು ನಾನು ಕೇಳಿಲ್ಲ. ಆದರೆ ನನ್ನ ಅಕ್ಕಂದಿರ ತಲೆ ಬಾಚಿ ಹೆಣೆಯುವ ಕೆಲಸವನ್ನು ಮಾತ್ರ ಅವರು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಿರಲಿಲ್ಲ ಎಂಬುದನ್ನು ಬಲ್ಲೆ.

ಇನ್ನು ಮುಖ್ಯ ಪ್ರಶ್ನೆಗೆ ಬರುತ್ತೇನೆ. ಅವರು ತೀರಿದ ಮೇಲೆ ತಂದೆಯವರು ಅಲ್ಲಿಂದ ತಂದ ಸಾಮಾನಿನಲ್ಲಿ ಒಂದು ಹಿತ್ತಾಳೆಯ ಸೇರು, ಒಂದು ತುಳಸಿಮಣಿಯ ಸರ, ಮೂರು ಖರ್ಚಿನ ವಹಿಗಳಿದ್ದವು. ವಹಿಗಳಲ್ಲಿ ದುಂಡನೆಯ ಅಕ್ಷರದಲ್ಲಿ ಆಳಿನ ಕೂಲಿ, ಕತ್ತದ ಹಗ್ಗದ ಬೆಲೆ, ವಕೀಲರಿಗೆ ಕೊಟ್ಟದ್ದು, ಏಕಾದಶಿಯ ಮರುದಿನದ ದಕ್ಷಿಣೆ ಎಲ್ಲವೂ ಪೈಸೆಯವರೆಗೆ ಬರೆದಿದೆ. 1964ರಿಂದ 1973ರವರೆಗಿನ ಹತ್ತು ವರ್ಷಗಳಲ್ಲಿ ಏಳು ವರ್ಷ, ಚೈತ್ರಮಾಸದಲ್ಲಿ ಒಂದೇ ಬಗೆಯ ನಮೂದು ಇದೆ: ಮುಂಬಯಿ ಮಕ್ಕಳ ಸಲುವಾಗಿ ಕೈಗಡ, 40 ರೂಪಾಯಿ, ಒಂದು ವರ್ಷ 60. ಕಾರ್ತಿಕದಲ್ಲಿ, ಶೇಂಗಾ ಮಾರಿದ ಮೇಲೆ, ಬಡ್ಡಿಸಹಿತ ತೀರಿದ್ದರ ನಮೂದು. ಆ ಒಣಬೇಸಾಯದಲ್ಲಿ ಕೈಗೆ ರೊಕ್ಕ ಬರುವುದು ಶೇಂಗಾದಿಂದ ಮಾತ್ರ. ಜೋಳ ಉಣ್ಣುವುದಕ್ಕೆ, ಕೂಲಿಗೆ, ದಾನಕ್ಕೆ. ಚೈತ್ರದ ಹೊತ್ತಿಗೆ ಕೈ ಬರಿದಾಗಿರುತ್ತಿತ್ತು. ನಮ್ಮ ಸಕ್ಕರೆ, ನಮ್ಮ ಮಾವಿನ ಹಣ್ಣು, ಅಕ್ಕಂದಿರ ಇಳಕಲ್ಲಿನ ಖಣ, ನಮಗಾಗಿ ಕೊಂಡ ಎಮ್ಮೆಯ ಹಾಲು, ಎಲ್ಲ ಆ ನಲವತ್ತು ರೂಪಾಯಿ.

ತಂದೆಯವರು ಆ ಪುಟಗಳನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಅನಂತರ ಬಾಗಲಕೋಟೆಯ ಆ ಅಂಗಡಿಗೆ ಕಾಗದ ಬರೆದು, ಬಾಕಿ ಏನಾದರೂ ಉಳಿದಿದೆಯೇ ಎಂದು ಕೇಳಿದರು. ಏನೂ ಉಳಿದಿಲ್ಲವೆಂದು ಉತ್ತರ ಬಂತು. ಅದು ಅವರಿಗೆ ಸಮಾಧಾನ ಕೊಟ್ಟಿತೆಂದು ನನಗೆ ಅನಿಸಲಿಲ್ಲ. ಒಂದು ನೂರು ರೂಪಾಯಿ ಬಾಕಿಯಿದ್ದಿದ್ದರೆ ಅವರು ಹೆಚ್ಚು ಹಗುರಾಗುತ್ತಿದ್ದರೋ ಏನೋ.

ಈ ಸಂದರ್ಭದಲ್ಲಿ ನನಗೆ ನೆನಪಾಗುವುದು ಶ್ರೀಮದ್ರಾಮಾಯಣದ ಉತ್ತರಕಾಂಡ. ಪಟ್ಟಾಭಿಷೇಕದ ಅನಂತರ ಹನುಮಂತದೇವರನ್ನು ಬೀಳ್ಕೊಡುವಾಗ ಶ್ರೀರಾಮಚಂದ್ರನು ಹೇಳುವ ಮಾತು ವಿಚಿತ್ರವಾಗಿದೆ. ನೀನು ಮಾಡಿದ ಉಪಕಾರ ನನ್ನಲ್ಲಿಯೇ ಜೀರ್ಣವಾಗಿ ಹೋಗಲಿ, ಅದನ್ನು ಹಿಂತಿರುಗಿಸುವ ಪ್ರಸಂಗವೇ ನನಗೆ ಬಾರದಿರಲಿ ಎಂಬುದು ಅದರ ಸಾರ. ಏಕೆಂದರೆ ಪ್ರತ್ಯುಪಕಾರ ಮಾಡಬೇಕೆಂದು ಹಂಬಲಿಸುವವನು, ಉಪಕಾರ ಮಾಡಿದವನಿಗೆ ಆಪತ್ತು ಬರಲೆಂದು ಅರಿಯದೆಯೇ ಹಂಬಲಿಸಿದಂತಾಗುತ್ತದೆ. ಕಷ್ಟದಲ್ಲಿರುವವನಿಗಲ್ಲವೇ ಉಪಕಾರ ಬೇಕಾಗುವುದು? ಮೊದಲ ಸಲ ಓದಿದಾಗ ಇದು ಬರಿಯ ಮಾತಿನ ಚಮತ್ಕಾರವೆನಿಸಬಹುದು. ಆದರೆ ಋಣ ತೀರಿಸುವ ಆತುರದೊಳಗೆ ಎಷ್ಟು ಪಾಲು ನಮ್ಮ ಅಭಿಮಾನ ಅಡಗಿದೆ ಎಂಬುದನ್ನು ಇದರಷ್ಟು ಸೂಕ್ಷ್ಮವಾಗಿ ಬೇರೆಲ್ಲಿಯೂ ಹೇಳಿದ್ದನ್ನು ನಾನು ಕಂಡಿಲ್ಲ. ತೀರಿಸಿಬಿಟ್ಟರೆ ನಾವು ಅವರ ಮುಂದೆ ಸರಿಸಮನಾಗಿ ನಿಲ್ಲುತ್ತೇವೆ. ಸಂಬಂಧ ಲೆಕ್ಕಕ್ಕೆ ಬಂದು ಮುಗಿಯುತ್ತದೆ. "ಅವಳು ಬದುಕಿದ್ದಾಗ ತಿಳಿದಿದ್ದರೆ ಕೊಟ್ಟುಬಿಡುತ್ತಿದ್ದೆ" ಎಂದು ತಂದೆಯವರು ಎಷ್ಟೋ ಸಲ ಹೇಳಿದರು. ತಿಳಿಯಬಾರದೆಂದೇ ಅತ್ಯಾ ಹೇಳದಿದ್ದರು. ಸಾಲದ ಲೆಕ್ಕವನ್ನು ಪೈಸೆಗೆ ಇಟ್ಟಾಕೆ, ಯಾರಿಗಾಗಿ ಸಾಲವೋ ಅವರ ಹೆಸರಿನಲ್ಲಿ ಒಂದು ಖಾತೆಯನ್ನೂ ತೆರೆದಿರಲಿಲ್ಲ.

ರೈಲ್ವೆಯಲ್ಲಿ ಸರಕು ಕಳಿಸುವಾಗ ರಸೀದಿ ಎರಡು ಬಗೆಯದು. ಒಂದರಲ್ಲಿ ಸಾಗಣೆಯ ದರವನ್ನು ಕಳಿಸುವವನೇ ಮೊದಲು ಕಟ್ಟಿರುತ್ತಾನೆ, ಅದು 'ಪೇಡ್'. ಇನ್ನೊಂದರಲ್ಲಿ ಮುಟ್ಟಿದ ನಿಲ್ದಾಣದಲ್ಲಿ ಬಿಡಿಸಿಕೊಳ್ಳುವವನು ಕಟ್ಟಬೇಕು, ಅದು 'ಟು-ಪೇ'. ಜಗತ್ತಿನ ಹೆಚ್ಚಿನ ಉಪಕಾರಗಳು ಎರಡನೆಯ ಬಗೆಯವು. ಸರಕು ಕೈಗೆ ಬರುವಾಗಲೇ ದರದ ಚೀಟಿಯೂ ಬರುತ್ತದೆ. ಅತ್ಯಾ ಪ್ರತಿ ಕಾರ್ತಿಕದಲ್ಲಿ ನಮಗೆ ಪಾರ್ಸಲ್ಲಿನಲ್ಲಿ ಕಳಿಸುತ್ತಿದ್ದ ಶೇಂಗಾದ ಚೀಲದ ರಸೀದಿಯ ಮೇಲೆ ಯಾವಾಗಲೂ 'ಪೇಡ್' ಎಂದಿರುತ್ತಿತ್ತು. ಅಂಥ ಸರಕಿಗೆ ಬಿಡಿಸಿಕೊಳ್ಳುವವನ ಕೆಲಸ ಒಂದೇ, ಮುಟ್ಟಿತೆಂದು ಸಹಿ ಹಾಕುವುದು. ಅದನ್ನಾದರೂ ಸರಿಯಾಗಿ ಹಾಕಬೇಕು.

ಸರಿಯಾಗಿ ಎಂದೆ. ಇಲ್ಲಿಯೇ ಸ್ಮರಣೆಯ ಪ್ರಶ್ನೆ ಬರುತ್ತದೆ. ನೈಯಾಯಿಕರು ಸ್ಮೃತಿಯನ್ನು ಪ್ರಮೆಯೆಂದು ಒಪ್ಪುವುದಿಲ್ಲ. ಮೊದಲೇ ತಿಳಿದದ್ದನ್ನು ಅದು ಮತ್ತೆ ತಂದುಕೊಡುತ್ತದೆಯಷ್ಟೇ ಎಂದು ಅವರ ಆಕ್ಷೇಪ. ನಮ್ಮ ಸಿದ್ಧಾಂತದಲ್ಲಿ ಹಾಗಲ್ಲ. ಇದ್ದುದನ್ನು ಇದ್ದಂತೆಯೇ ವಿಷಯೀಕರಿಸುವುದು ಪ್ರಮಾಣವಾದ್ದರಿಂದ, ಸ್ಮೃತಿಯೂ ಪ್ರಮಾಣವೇ. ಶ್ರೀಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಇದನ್ನು ಸಮರ್ಥಿಸಿದ್ದಾರೆ. ಮನಸ್ಸೆಂಬ ಇಂದ್ರಿಯವು ಸಂಸ್ಕಾರದ ಮೂಲಕ ಕಳೆದುಹೋದದ್ದನ್ನೇ ನೇರವಾಗಿ ಮುಟ್ಟುತ್ತದೆ. ಇದು ಪಾಠಶಾಲೆಯ ವಾದವಷ್ಟೇ ಎಂದು ತಿಳಿಯಬೇಡಿ. ಸ್ಮೃತಿಗೆ ಪ್ರಾಮಾಣ್ಯವನ್ನು ಕೊಟ್ಟ ಮೇಲೆ ಅದರ ಮೇಲೆ ಹೊಣೆಯೂ ಬಿತ್ತು, ಅದು ಯಥಾರ್ಥವಾಗಿರಬೇಕು. ಮಾವಿನ ಹಣ್ಣು, ಕಪಿಲೆ, ಬೇವಿನ ನೆರಳುಗಳನ್ನಷ್ಟೇ ಆಯ್ದುಕೊಂಡು ಹಳೆಯ ದಿನಗಳೇ ಸೊಗಸೆಂದು ಕಣ್ಣು ತೇವ ಮಾಡಿಕೊಳ್ಳುವುದು ನಮ್ಮ ಸುಖಕ್ಕಾಗಿ ಮಾಡುವ ಕೆಲಸ. ಅದರಲ್ಲಿ ಅತ್ತೆಯ ಪಾಲು ಸ್ವಲ್ಪವೇ. ನಲವತ್ತು ರೂಪಾಯಿಯ ಕೈಗಡವಿಲ್ಲದ, ಮುಚ್ಚಿದ ಕೋಣೆಯಿಲ್ಲದ ಸ್ಮರಣೆ ಪೂರ್ತಿಯಾದದ್ದಲ್ಲ.

ಹಾಗೆಂದು ಮಗು ಕಂಡ ಸಂತೋಷ ಮಿಥ್ಯೆಯಾಯಿತೇ? ಇಲ್ಲ. ಅದು ಕಂಡದ್ದೂ ಇದ್ದದ್ದನ್ನೇ. ಅತ್ಯಾ ನಗುತ್ತಿದ್ದರು, ನಮಗಾಗಿ ಕಾಯುತ್ತಿದ್ದರು, ನಾವು ಹೊರಡುವ ದಿನ ಹಗೇವಿನ ಕಟ್ಟೆಯ ಮೇಲೆ ನಿಂತಿರುತ್ತಿದ್ದರು, ಇವೆಲ್ಲ ಸತ್ಯ. ಕೈಗಡವೂ ಸತ್ಯ. ಒಂದು ಸತ್ಯ ತಿಳಿದೊಡನೆ ಇನ್ನೊಂದು ಬಾಧಿತವಾಗಬೇಕೆಂಬ ನಿಯಮ ನಮ್ಮ ಮತದಲ್ಲಿಲ್ಲ. ಇಂದಿನ ಕೆಲವರು ಇಂಥ ಹೆಂಗಸರ ವಿಷಯದಲ್ಲಿ ಮಾಡುವಂತೆ, ಅವರನ್ನು ಬರಿಯ ಕನಿಕರದ ವಸ್ತುವನ್ನಾಗಿ ಕಾಣುವುದೂ ಅಷ್ಟೇ ಅಯಥಾರ್ಥ. ಮೈದುನನೊಬ್ಬ, ಅಣ್ಣತಮ್ಮಂದಿರಲ್ಲಿ ವಿಭಾಗವೇ ಆಗಿರಲಿಲ್ಲ, ಆದ್ದರಿಂದ ವಿಧವೆಗೆ ಅಶನಾಚ್ಛಾದನ ಮಾತ್ರ ಸಲ್ಲುತ್ತದೆ ಎಂದು ದಾವೆ ಹೂಡಿದಾಗ, ಓದು ಬರಹ ಅಷ್ಟಕ್ಕಷ್ಟೇ ಇದ್ದ ಆಕೆ ಹನ್ನೊಂದು ವರ್ಷ ಗಾಡಿ ಕಟ್ಟಿಕೊಂಡು ಕೋರ್ಟಿಗೆ ತಿರುಗಿ ವಿಭಾಗವನ್ನು ಸಿದ್ಧಪಡಿಸಿ ಹೊಲ ಉಳಿಸಿಕೊಂಡರು. ಅದೂ ಜೀವಮಾನದ ಸೀಮಿತ ಹಕ್ಕು, ಮಾರುವಂತಿಲ್ಲ, ಕೊಡುವಂತಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಬಂದ ಮೇಲೆ ಅದು ಪೂರ್ಣ ಸ್ವಾಮ್ಯವಾಯಿತು. ಕಾಯಿದೆಯ ಸಂಖ್ಯೆ ಅವರಿಗೆ ಬಾಯಿಪಾಠ. ಪೇಟೆಯ ಅಡತಿ ಅಂಗಡಿಯಲ್ಲಿ ಶೇಂಗಾದ ದರಕ್ಕೆ ಅವರು ವಾದಿಸುವುದನ್ನು ಕಂಡವರು ಯಾರೂ ಅವರಿಗೆ ಕನಿಕರ ತೋರಿಸಲು ಹೋಗುತ್ತಿರಲಿಲ್ಲ.

1974ರ ಮಾರ್ಚಿ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಲಾವಣಿಗೆ ಕೊಟ್ಟಿದ್ದ ಹನ್ನೆರಡು ಎಕರೆ ಕ್ರಮೇಣ ಉಳುವವನ ಹೆಸರಿಗೆ ಹೋಯಿತು. ಅವರು ಅದನ್ನು ಶಾಂತವಾಗಿ ಸ್ವೀಕರಿಸಿದರೆಂದು ಬರೆದರೆ ಲೇಖನಕ್ಕೆ ಶೋಭೆ ಬಂದೀತು, ಆದರೆ ಅದು ನಿಜವಲ್ಲ. ಎಂಟು ತಿಂಗಳು ಆ ಮನೆಯವರೊಡನೆ ಮಾತು ಬಿಟ್ಟಿದ್ದರು. ಬಳಿಕ ಆ ರೈತನ ಮೊಮ್ಮಗಳ ತೊಟ್ಟಿಲಿಗೆ ಒಂದು ಖಣವನ್ನೂ ಒಂದು ಸೇರು ತುಪ್ಪವನ್ನೂ ಆಳಿನ ಕೈಯಲ್ಲಿ ಕಳಿಸಿದರು. ತಾವು ಹೋಗಲಿಲ್ಲ, ಶುಭಕಾರ್ಯಕ್ಕೆ ಎಲ್ಲಿಗೂ ಹೋಗುತ್ತಿರಲಿಲ್ಲವಷ್ಟೇ. ಮರುದಿನ ಆ ರೈತನೇ ಮಗುವನ್ನು ಎತ್ತಿಕೊಂಡು ಇವರ ಕಟ್ಟೆಗೆ ಬಂದ.

ಉಳಿದ ಹತ್ತು ಎಕರೆಯನ್ನು ಅವರು ಮರಣಪತ್ರದಲ್ಲಿ ಬರೆದಿಟ್ಟದ್ದು ದಾವೆ ಹೂಡಿದ ಆ ಮೈದುನನ ಮಗನಿಗೆ. ನಮ್ಮ ಮನೆಯಲ್ಲಿ ಇದು ಹಲವರಿಗೆ ಒಪ್ಪಿಗೆಯಾಗಲಿಲ್ಲ. ಅವರ ಮುಪ್ಪಿನಲ್ಲಿ ನೋಡಿಕೊಂಡವರು ಯಾರು, ರಜೆಗೆ ಬಂದವರು ಯಾರು ಎಂಬ ಮಾತುಗಳಾದವು. ನನಗೆ ಮಾತ್ರ ಯಕ್ಷಪ್ರಶ್ನೆಯ ಪ್ರಸಂಗವೇ ಇದಕ್ಕೆ ಉತ್ತರವೆನಿಸುತ್ತದೆ. ನಾಲ್ವರು ತಮ್ಮಂದಿರಲ್ಲಿ ಒಬ್ಬನನ್ನು ಬದುಕಿಸುವೆನೆಂದು ಯಕ್ಷನು ಹೇಳಿದಾಗ ಧರ್ಮರಾಜನು ಭೀಮಾರ್ಜುನರನ್ನು ಕೇಳದೆ ನಕುಲನನ್ನು ಕೇಳುತ್ತಾನೆ. ಕುಂತಿಗೆ ತಾನೊಬ್ಬ ಮಗನಿದ್ದೇನೆ, ಮಾದ್ರಿಗೂ ಒಬ್ಬನಿರಲಿ. ಆನೃಶಂಸ್ಯವೇ ಪರಮಧರ್ಮ ಎಂಬುದು ಅವನ ಕಾರಣ. ತನಗೆ ಪ್ರಿಯವಾದವರಿಗೆ ಕೊಡುವುದರಲ್ಲಿ ಆನೃಶಂಸ್ಯವೇನು ಬಂತು? ಆ ಹೊಲ ಪತಿಯ ವಂಶದ್ದು, ಆ ವಂಶದ ಕೊನೆಯ ಹುಡುಗ ಇವನು, ತಂದೆಯ ಹಟಕ್ಕೆ ಮಗನನ್ನು ಹೊಣೆ ಮಾಡಬಾರದು. ಅವರು ಹೀಗೆ ಯೋಚಿಸಿದರೆಂದು ಊಹಿಸುತ್ತೇನೆ. ಅವರಂತೂ ಕಾರಣ ಹೇಳಲಿಲ್ಲ. ನಮಗೆ ಹಿತ್ತಾಳೆಯ ಸೇರು ಬಂತು.

ಆ ಹೊಲ ಇಂದು ನೀರಿನಲ್ಲಿದೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಶಂಕುಸ್ಥಾಪನೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳಿಂದ ಆಯಿತು. ನೀರು ಬರುವುದಕ್ಕೆ ಹಿಡಿದದ್ದು ಒಂದು ತಲೆಮಾರು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು 519.6 ಮೀಟರ್ ಎತ್ತರಕ್ಕೆ ಸಮ್ಮತಿಯಿತ್ತ ಮೇಲೆ ಹಿನ್ನೀರು ಘಟಪ್ರಭೆಯ ಗುಂಟ ಏರಿ, ಹಳೆಯ ಬಾಗಲಕೋಟೆಯ ಕೆಳಭಾಗವನ್ನೂ ಸುತ್ತಲಿನ ಹಳ್ಳಿಗಳನ್ನೂ ತೆಗೆದುಕೊಂಡಿತು. ಊರು ನವನಗರಕ್ಕೆ ಎದ್ದು ಹೋಯಿತು. ಪರಿಹಾರ ಆ ಹುಡುಗನಿಗೆ ಸಂದಿತು. ನೋಡಬೇಕೆಂದು ಹೊರಟರೆ ನೋಡಲು ಸ್ಥಳವಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ದಂಡೆಯ ಅಂಚಿನ ನೆಲ ಅಷ್ಟಿಷ್ಟು ಮೇಲೇಳುತ್ತದೆ. ಅದರಲ್ಲಿ ಯಾರ ಬದು ಯಾರದೆಂದು ಹೇಳುವವರಿಲ್ಲ. ಇದರಿಂದ ಸಾವಿರಾರು ಎಕರೆಗಳಿಗೆ ನೀರು ಸಿಕ್ಕಿದೆಯೆಂಬುದನ್ನು ನಾನು ಮರೆತಿಲ್ಲ. ಅತ್ಯಾ ಇದ್ದಿದ್ದರೆ ಮೊದಲು ಪರಿಹಾರದ ದರಕ್ಕೆ ಜಗಳ ತೆಗೆದು, ಆಮೇಲೆ ಕೆಳಗಿನ ಊರುಗಳಿಗೆ ನೀರು ಮುಟ್ಟಿತೇ ಎಂದು ವಿಚಾರಿಸುತ್ತಿದ್ದರು.

ವ್ಯಕ್ತಿ ಇಲ್ಲ, ಸ್ಥಳವಿಲ್ಲ, ಬಾಕಿಯೂ ಇಲ್ಲ. ಶತಪಥ ಬ್ರಾಹ್ಮಣ ಹೇಳಿದ ವಾಸ ಮತ್ತು ಅಶನ ಉಳಿಯುತ್ತವೆ. ಯಾರಿಂದ ಪಡೆದೆವೋ ಅವರಿಗೇ ಕೊಡಬೇಕೆಂದು ಅದು ಹೇಳುವುದಿಲ್ಲ, ಮನುಷ್ಯರಿಗೆ ಎನ್ನುತ್ತದೆ. ನಗರದ ಎರಡು ಕೋಣೆಯ ಮನೆಗಳಲ್ಲಿ ಇದು ಸುಲಭವಲ್ಲವೆಂಬುದು ದಿಟ. ಈಗ ಮಕ್ಕಳ ರಜೆಗೆ ಬೇಸಿಗೆ ಶಿಬಿರಗಳಿವೆ, ಬಂಧುಗಳ ಮಕ್ಕಳು ಬಂದರೂ ಎರಡು ದಿನಕ್ಕೆ ಹಿಂದಿರುಗುವ ಟಿಕೀಟು ಕೈಯಲ್ಲಿರುತ್ತದೆ. ಅತ್ತೆಯ ಮನೆಯೂ ದೊಡ್ಡದೇನೂ ಆಗಿರಲಿಲ್ಲ ಎಂಬುದನ್ನಷ್ಟು ಇಲ್ಲಿ ಹೇಳಬಹುದು. ಎರಡು ಅಂಕಣ, ಒಂದು ಪಡಸಾಲೆ. ನಾವು ಏಳು ಮಕ್ಕಳು ಅಲ್ಲಿ ಮಲಗುತ್ತಿದ್ದೆವು.

ಕೊನೆಯದಾಗಿ ಒಂದು ಶಾಸ್ತ್ರವಿಚಾರ. ಮಹಾಲಯ ಪಕ್ಷದಲ್ಲಿ ನಾವು ತಂದೆತಾಯಿಗಳ ವಂಶದ ಹಿರಿಯರಿಗಷ್ಟೇ ಅಲ್ಲದೆ, ಚಿಕ್ಕಪ್ಪ, ಸೋದರಮಾವ, ಸೋದರತ್ತೆ, ಅಕ್ಕತಂಗಿಯರು, ಗುರು, ಮಿತ್ರ, ಎಲ್ಲರಿಗೂ ಹೆಸರು ಗೋತ್ರ ಹೇಳಿ ತಿಲೋದಕ ಕೊಡುತ್ತೇವೆ. ಋಣಗಳ ಪಟ್ಟಿಯಲ್ಲಿ ಕಾಣದ ಅತ್ತೆ ಇಲ್ಲಿ ಸಿಗುತ್ತಾಳೆ. ತಂದೆಯವರು 1996ರಲ್ಲಿ ತೀರಿದಂದಿನಿಂದ ಪ್ರತಿವರ್ಷ ನಾನು ಅವರ ಹೆಸರು ಹೇಳುತ್ತಿದ್ದೇನೆ. ನನ್ನ ಅನಂತರ ಆ ಗೋತ್ರ ಯಾವುದೆಂದು ತಿಳಿದವರು ಇರಲಿಕ್ಕಿಲ್ಲವೆಂದು ಮಗನಿಗೆ ಪಟ್ಟಿ ಬರೆದುಕೊಟ್ಟಿದ್ದೇನೆ. ಪ್ರಯೋಗದಲ್ಲಿ ಸೋದರತ್ತೆಯ ಹೆಸರಿನ ಜೊತೆಗೆ ಪತಿಸಹಿತಳು, ಅಪತ್ಯಸಹಿತಳು ಎಂಬರ್ಥದ ವಿಶೇಷಣಗಳು ಬರುತ್ತವೆ. ಮಕ್ಕಳಿಲ್ಲದವರ ವಿಷಯದಲ್ಲಿ ಎರಡನೆಯದನ್ನು ಬಿಡಬೇಕೆಂದು ನಮ್ಮ ಡೊಂಬಿವಲಿಯ ಪುರೋಹಿತರು ಹೇಳುತ್ತಾರೆ, ಬಿಟ್ಟೇ ಹೇಳಿಸುತ್ತಾರೆ. ಇಲ್ಲದವರನ್ನು ಕುರಿತು ಇದೆಯೆನ್ನಬಾರದು ಎಂಬ ಅವರ ಯುಕ್ತಿ ಸರಿಯಾದದ್ದೇ. ಆದರೆ ಯಾಸ್ಕಾಚಾರ್ಯರು ನಿರುಕ್ತದ ಮೂರನೆಯ ಅಧ್ಯಾಯದ ಆರಂಭದಲ್ಲಿ ಅಪತ್ಯಶಬ್ದಕ್ಕೆ ಎರಡು ನಿರ್ವಚನಗಳನ್ನು ಕೊಟ್ಟಿದ್ದಾರೆ. ತಂದೆಯಿಂದ ಬೇರೆಯಾಗಿ ಹರಡಿಕೊಳ್ಳುವುದೆಂದು ಒಂದು. ಯಾವುದರಿಂದ ಮನುಷ್ಯನು ಬೀಳುವುದಿಲ್ಲವೋ ಅದು ಎಂದು ಇನ್ನೊಂದು. ಎರಡನೆಯ ನಿರ್ವಚನದಲ್ಲಿ ಹೆತ್ತಿರಬೇಕೆಂಬ ನಿರ್ಬಂಧ ಕಾಣುವುದಿಲ್ಲ. ನಿರುಕ್ತದ ಅರ್ಥವನ್ನು ಶ್ರಾದ್ಧಪ್ರಯೋಗದಲ್ಲಿ ತಂದು ಹಚ್ಚುವುದು ಯುಕ್ತವೇ, ಅಂಥ ಅತ್ತೆಯ ಹೆಸರಿನೊಡನೆ ಆ ವಿಶೇಷಣವನ್ನು ಉಳಿಸಿಕೊಳ್ಳಲು ನಿಬಂಧಗ್ರಂಥಗಳಲ್ಲಿ ಎಲ್ಲಿಯಾದರೂ ಅವಕಾಶವಿದೆಯೇ ಎಂಬುದನ್ನು ಬಲ್ಲ ವಿದ್ವಾಂಸರು ಈ ಪತ್ರಿಕೆಯ ಮೂಲಕ ತಿಳಿಸಿಕೊಟ್ಟರೆ, ಬರುವ ಭಾದ್ರಪದದೊಳಗಾಗಿ ತಿಳಿಸಿಕೊಟ್ಟರೆ, ಉಪಕೃತನಾಗುವೆನು.